ವಿಮಾನಗಳ ‘ಸೆಪರೇಶನ್’: ‘ಅಂತರ’ ಅಂದರೆ ಸಾಕೇ?

ಗೆಳೆಯರೇ,

ಆಕಾಶದಲ್ಲಿ ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದರ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಎರಡನೇ ಸಾಲಿಗೇ ಸಿಕ್ಕಿಹಾಕಿಕೊಂಡೆ. ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರ ಬಾಯಲ್ಲಿ ದಿನವಿಡೀ ಇರುವ ‘ಸೆಪರೇಶನ್’ಗೆ ಕನ್ನಡದಲ್ಲಿ ಏನು ಹಾಕೋಣ?

‘ಪ್ರತ್ಯೇಕತೆ’ ಅಂದರೆ ವಿಮಾನಗಳು ಬೇರೆ ರಾಜ್ಯ ಕೇಳುತ್ತಿರುವ ಹಾಗಿದೆ. ‘ಬೇರ್ಪಡಿಕೆ’ ಅನ್ನೋಣವೆಂದರೆ, ಬೇರ್ಪಡಲು ಮೊದಲು ಒಂದಾಗಿರಬೇಕಲ್ವಾ? ‘ಎಡೆ’ ನನಗೆ ಇಷ್ಟದ ಪದ. ಆದರೆ ‘ವಿಮಾನಗಳ ನಡುವೆ ಎಡೆ ಇಡಬೇಕು’ ಅಂತ ಬರೆದು, ಒಮ್ಮೆ ಓದಿ, ತಕ್ಷಣ ಹೊಡೆದುಹಾಕಿದೆ. ಉಳಿದದ್ದು ‘ಅಂತರ’. ಎಲ್ಲರಿಗೂ ಗೊತ್ತಿರುವ ಪದ. ತೊಡಕು ಇರುವುದೂ ಅಲ್ಲೇ.

ಅಂತರ ಅನ್ನುವುದು ಅಳತೆ, ಎಷ್ಟು ಅಂತ ಕೇಳಬಹುದು. ಸೆಪರೇಶನ್ ಹಾಗಲ್ಲ. ನಿಯಮ ಹೇಳಿದಷ್ಟು ದೂರ ಇದ್ದರೆ ಅದು ಇದೆ, ಇಲ್ಲದಿದ್ದರೆ ಇಲ್ಲ. ರಾಡಾರ್ ಇರುವ ಕಡೆ, ದೂರದ ಹಾದಿಯಲ್ಲಿ ಹಾರುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ 9 ಕಿ.ಮೀ. ಚಿಲ್ಲರೆ ದೂರ ಇರಬೇಕು. ಇಲ್ಲದಿದ್ದರೆ ಮೇಲ್ಕೆಳಗೆ 1000 ಅಡಿ ಇರಬೇಕು. ಎರಡರಲ್ಲಿ ಒಂದಿದ್ದರೆ ಸಾಕು. ಒಂದು ವಿಮಾನ 35,000 ಅಡಿಯಲ್ಲಿ ಹೋಗುತ್ತಿದೆ, ಇನ್ನೊಂದು ಅದರ ನೆತ್ತಿಯ ಮೇಲೇ 36,000 ಅಡಿಯಲ್ಲಿ ಹಾದುಹೋಗುತ್ತದೆ ಅನ್ನಿ. ನಡುವೆ ಇರುವುದು ಬರೀ 300 ಮೀಟರ್. ಕಿಟಕಿಯಲ್ಲಿ ಕಂಡವರಿಗೆ ಎದೆ ಧಸಕ್ಕೆನ್ನುತ್ತದೆ. ಕೆಳಗೆ ಕೂತ ನಿಯಂತ್ರಕರ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಅವೇ ಎರಡು ಒಂದೇ ಎತ್ತರದಲ್ಲಿ 7 ಕಿ.ಮೀ. ದೂರದಲ್ಲಿದ್ದರೆ ಸೆಪರೇಶನ್ ಹೋಯಿತು ಅಂತಲೇ ಲೆಕ್ಕ. 300 ಮೀಟರಿಗೆ ‘ಅಂತರ ಇದೆ’, 7 ಕಿ.ಮೀ.ಗೆ ‘ಅಂತರ ಇಲ್ಲ’ ಅಂತ ಬರೆದರೆ ಮಕ್ಕಳು ನಗುತ್ತಾರೆ.

ಇನ್ನೊಂದು ತಮಾಷೆ. ಆ 1000 ಅಡಿಯೂ ಮೊದಲಿನಿಂದ ಸಾಕಾಗುತ್ತಿರಲಿಲ್ಲ. 29,000 ಅಡಿಯಿಂದ ಮೇಲೆ 2000 ಅಡಿ ಬಿಡುತ್ತಿದ್ದರು. ತೆಳುಗಾಳಿಯಲ್ಲಿ ಎತ್ತರ ಅಳೆಯುವ ಉಪಕರಣವನ್ನು ಅಷ್ಟಾಗಿ ನಂಬುವಂತಿರಲಿಲ್ಲ. ಉಪಕರಣ ಸುಧಾರಿಸಿದ ಮೇಲೆ ಯುರೋಪಿನಲ್ಲಿ 2002ರಲ್ಲಿ, ಅಮೆರಿಕದಲ್ಲಿ 2005ರಲ್ಲಿ ಅರ್ಧಕ್ಕೆ ಇಳಿಸಿದರು. ಅದೇ 1000 ಅಡಿ ಅಂತರ, ಹಿಂದೆ ತಪ್ಪಾಗಿದ್ದದ್ದು ಈಗ ಸರಿ.

ಪತ್ರಿಕೆಯವರ ‘ಕೂದಲೆಳೆ ಅಂತರದಲ್ಲಿ ತಪ್ಪಿದ ದುರಂತ’ ಬೇರೆ ಇದೆ. ಅಂತರ ಇಲ್ಲದ್ದನ್ನು ಹೇಳಲೂ ಅದೇ ಪದ!

ನನಗೆ ಹೊಳೆದದ್ದು ‘ಕಾವಲು ಅಂತರ’. ‘ಕಾವಲು ಅಂತರ ತಪ್ಪಿತು’ ಅಂದರೆ ಅಳತೆಯ ಮಾತಲ್ಲ, ನಿಯಮದ ಮಾತು ಅಂತ ಗೊತ್ತಾಗುತ್ತದೆ. ‘ಸುರಕ್ಷಿತ ಅಂತರ’ ರೂಢಿಯಲ್ಲಿದೆ, ಒಪ್ಪುತ್ತೇನೆ. ಆದರೆ ಅದು ಲಾರಿಯ ಹಿಂದೆ ಬರೆದ ಬುದ್ಧಿಮಾತಿನಂತೆ ಕೇಳುತ್ತದೆ.

ಲಾರಿ ಅಂದಾಗ ಕ್ರಿಯಾಪದವೂ ನೆನಪಾಯಿತು. ‘ಅಂತರ ಕಾಯ್ದುಕೊಳ್ಳಿ’ ಅನ್ನುತ್ತೇವೆ. ಆ ‘ಕೊಳ್ಳು’ ಸುಮ್ನೆ ಬಂದದ್ದಲ್ಲ. ತಾನೇ ತನಗಾಗಿ ಮಾಡುವ ಕೆಲಸ ಅದು. ರಸ್ತೆಯಲ್ಲಿ ಡ್ರೈವರ್ ತಾನೇ ನೋಡಿಕೊಳ್ಳುತ್ತಾನೆ. ದೊಡ್ಡ ಪ್ರಯಾಣಿಕ ವಿಮಾನಗಳ ಅಂತರವನ್ನು ಕಾಯುವವರು ನೆಲದ ಮೇಲಿನ ನಿಯಂತ್ರಕರು. ಹಾಗಾಗಿ ಅಲ್ಲಿ ‘ಕಾಯುವುದು’ ಸರಿ, ‘ಕಾಯ್ದುಕೊಳ್ಳುವುದು’ ತಪ್ಪು ಅನ್ನುವುದು ನನ್ನ ವಾದ. ಅವರ ಕೈ ತಪ್ಪಿದಾಗ ಮಾತ್ರ ವಿಮಾನದೊಳಗಿನ, ಡಿಕ್ಕಿ ತಪ್ಪಿಸುವ ‘ಟೀಕ್ಯಾಸ್’ ಉಪಕರಣ ಮಾತಾಡುತ್ತದೆ. ಎರಡು ವಿಮಾನಗಳ ಉಪಕರಣಗಳು ತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಅನ್ನುತ್ತವೆ. ಆಗ ‘ಕಾಯ್ದುಕೊಳ್ಳು’ ಸರಿಹೋಗುತ್ತದೆ.

ಇದು ವ್ಯಾಕರಣದ ಕೂದಲು ಸೀಳುವುದು ಅನ್ನಿಸಿದರೆ 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಆದದ್ದನ್ನು ನೋಡಿ. ಪ್ರಯಾಣಿಕ ವಿಮಾನಕ್ಕೆ ನಿಯಂತ್ರಕರು ‘ಇಳಿ’ ಅಂದರು, ಟೀಕ್ಯಾಸ್ ‘ಏರು’ ಅಂದಿತು. ಪೈಲಟ್‌ಗಳು ಇಳಿದರು. ಇನ್ನೊಂದು ವಿಮಾನ ಸರಕಿನದು, ಅದೂ ತನ್ನ ಟೀಕ್ಯಾಸ್ ಹೇಳಿದಂತೆ ಇಳಿಯುತ್ತಿತ್ತು. 71 ಜನ ಸತ್ತರು. ಕಾಯುವವರ ಮಾತೂ ಕಾಯ್ದುಕೊಳ್ಳುವ ಉಪಕರಣದ ಮಾತೂ ಬೇರೆಯಾದರೆ ಉಪಕರಣದ ಮಾತೇ ನಡೆಯಬೇಕು ಅಂತ ಆಮೇಲೆ ಸ್ಪಷ್ಟ ಮಾಡಿದರು.

ಕೊನೆಗೊಂದು ತಲೆನೋವು. ಭಾರಿ ವಿಮಾನದ ರೆಕ್ಕೆಯ ತುದಿಗಳಿಂದ ಸುಳಿಗಾಳಿ ಹೊರಟು ಹಿಂದೆ ಉಳಿಯುತ್ತದೆ. 136 ಟನ್‌ಗಿಂತ ಮೇಲ್ಪಟ್ಟದ್ದರ ಬೆನ್ನಿಗೆ ಪುಟ್ಟ ವಿಮಾನ ಇಳಿಯಲು ಬಂದರೆ, ಆ ಸುಳಿಗೆ ಸಿಗದಿರಲಿ ಅಂತ 6 ನಾಟಿಕಲ್ ಮೈಲಿ ಬಿಡುತ್ತಾರೆ. ನಾನು ಬರೆದದ್ದು: ‘ಹಿಂದಿನ ವಿಮಾನ ಭಾರಿಯದಾದರೆ ಮುಂದಿನ ವಿಮಾನಕ್ಕೆ ಜಾಸ್ತಿ ದೂರ ಬೇಕು.’ ಮತ್ತೆ ಓದಿ ಬೆಚ್ಚಿದೆ. ಕಾಲದ ಲೆಕ್ಕದಲ್ಲಿ ‘ಹಿಂದಿನದು’ ಮೊದಲು ಇಳಿದದ್ದು. ಜಾಗದ ಲೆಕ್ಕದಲ್ಲಿ ಬೆನ್ನಿಗೆ ಬರುವುದು. ‘ಮುಂದಿನ’ದ್ದೂ ಅದೇ ಕಥೆ. ವಾಕ್ಯ ಪೂರ್ತಿ ತಿರುಗುಮುರುಗು! ಸದ್ಯಕ್ಕೆ ‘ಮೊದಲು ಇಳಿಯುವ’, ‘ಆಮೇಲೆ ಇಳಿಯುವ’ ಅಂತ ತಿದ್ದಿದ್ದೇನೆ. ಸಾಲು ಉದ್ದವಾಯಿತು. ಯಾರ ಬಳಿಯಾದರೂ ಗಿಡ್ಡ ಪದ ಇದ್ದರೆ ಕೊಡಿ. ‘ಕಾವಲು ಅಂತರ’ ಕಿವಿಗೆ ಹಿಡಿಸದಿದ್ದರೆ ಅದನ್ನೂ ಹೇಳಿ.