ಮೆಟಲ್ ಡಿಟೆಕ್ಟರ್ ಹವ್ಯಾಸ: ಹೊಸಬರೊಬ್ಬರ ಪ್ರಶ್ನೆಗೆ ಅನುಭವಿಗಳ ಉತ್ತರಗಳು

ಪ್ರಶ್ನೆ

ಮೆಟಲ್ ಡಿಟೆಕ್ಟರ್ ಹಿಡಿದು ನೆಲದಡಿಯಲ್ಲಿರುವ ಹಳೆಯ ನಾಣ್ಯ, ಅಂಗಿಯ ಗುಂಡಿ, ಉಂಗುರಗಳನ್ನು ಹುಡುಕುವ ಹವ್ಯಾಸವನ್ನು ಆರಂಭಿಸಬೇಕೆಂದಿದ್ದೇನೆ. ಯಂತ್ರಗಳ ವಿವರಣೆಗಳನ್ನು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಯಾವ ಬಗೆಯ ಯಂತ್ರವನ್ನು ಕೊಳ್ಳಬೇಕು, ಅದನ್ನು ಕಲಿಯುವ ಬಗೆ ಹೇಗೆ, ಆರಂಭದಲ್ಲಿಯೇ ತಿಳಿದಿರಬೇಕಾದ ಸಂಗತಿಗಳು ಯಾವುವು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹೊಲಗಳಲ್ಲಿ ಹುಡುಕುವವರೊಬ್ಬರು

ಯಾವ ಯಂತ್ರ ಎಂದು ನಿರ್ಧರಿಸುವ ಮೊದಲು ಯಂತ್ರವು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ತಿಳಿದುಕೊಳ್ಳಿ; ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ. ನೆಲದ ಮೇಲೆ ಆಡಿಸುವ, ತಂತಿಯ ಸುರುಳಿಗಳಿರುವ ತಟ್ಟೆಗೆ ಕಾಯಿಲ್ ಎನ್ನುತ್ತಾರೆ. ಕಾಯಿಲ್‌ನಿಂದ ಹೊರಡುವ, ಸದಾ ಬದಲಾಗುತ್ತಿರುವ ಕಾಂತಕ್ಷೇತ್ರವು ನೆಲದೊಳಗಿನ ಲೋಹದಲ್ಲಿ ಸುಳಿಯಂತೆ ಸುತ್ತುವ ಸಣ್ಣ ವಿದ್ಯುತ್ ಪ್ರವಾಹಗಳನ್ನು ಎಬ್ಬಿಸುತ್ತದೆ. ಆ ಪ್ರವಾಹಗಳು ತಮ್ಮದೇ ಆದ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ, ಅದನ್ನು ಕಾಯಿಲ್‌ನೊಳಗಿನ ಇನ್ನೊಂದು ಸುರುಳಿ ಗ್ರಹಿಸುತ್ತದೆ. ಹೀಗೆ ಮರಳಿದ ಸಂಕೇತವನ್ನು ಅಳೆದು ಯಂತ್ರವು ಒಂದು ಧ್ವನಿಯನ್ನೂ ಒಂದು ಅಂಕಿಯನ್ನೂ ಕೊಡುತ್ತದೆ. ಈ ಅಂಕಿ ಲೋಹದ ಹೆಸರಲ್ಲ. ವಸ್ತುವಿನ ವಿದ್ಯುತ್ ವಾಹಕತೆ, ಗಾತ್ರ, ಆಕಾರ, ಅದು ಬಿದ್ದಿರುವ ಆಳ, ಸುತ್ತಲಿನ ಮಣ್ಣಿನ ಗುಣ ಇವೆಲ್ಲ ಬೆರೆತ ಒಂದು ಅಂದಾಜು ಮಾತ್ರ. ಆದ್ದರಿಂದಲೇ ತೆಳುವಾದ ಚಿನ್ನದ ಉಂಗುರವೂ ಪಾನೀಯದ ಡಬ್ಬಿಯನ್ನು ತೆರೆಯಲು ಎಳೆದು ಕಿತ್ತ ಅಲ್ಯೂಮಿನಿಯಂ ಬಳೆಯೂ ಹೆಚ್ಚುಕಡಿಮೆ ಒಂದೇ ಅಂಕಿಯನ್ನು ತೋರಿಸುತ್ತವೆ. ಕಸವನ್ನು ತಪ್ಪಿಸಲೆಂದು ಆ ಅಂಕಿಗಳಿಗೆಲ್ಲ ಯಂತ್ರ ಧ್ವನಿಸದಂತೆ ಮುಚ್ಚಿಟ್ಟವರು ಚಿನ್ನವನ್ನೂ ಮುಚ್ಚಿಟ್ಟಂತೆಯೇ.

ಆರಂಭಿಕರ ಯಂತ್ರಗಳಲ್ಲಿ ಹೆಚ್ಚಿನವು ಸುಮಾರು 5ರಿಂದ 20 ಕಿಲೋಹರ್ಟ್ಸ್ ನಡುವಿನ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಕಡಿಮೆ ಆವರ್ತನವು ಬೆಳ್ಳಿ, ತಾಮ್ರದಂಥ ಉತ್ತಮ ವಾಹಕಗಳಿಗೂ ದೊಡ್ಡ ವಸ್ತುಗಳಿಗೂ ಹೊಂದುತ್ತದೆ. ಹೆಚ್ಚಿನ ಆವರ್ತನವು ಚಿಕ್ಕ, ತೆಳುವಾದ ವಸ್ತುಗಳನ್ನು ಚೆನ್ನಾಗಿ ಹಿಡಿಯುತ್ತದೆ. ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ನಡೆಯುವ ಯಂತ್ರಗಳು ದುಬಾರಿಯಾದರೂ ಬಗೆಬಗೆಯ ನೆಲಗಳಿಗೆ ಹೊಂದಿಕೊಳ್ಳುತ್ತವೆ. ಸಾಮಾನ್ಯ ಯಂತ್ರವೊಂದು ನಾಣ್ಯದಷ್ಟು ದೊಡ್ಡ ವಸ್ತುವನ್ನು ಒಳ್ಳೆಯ ನೆಲದಲ್ಲಿ ಸುಮಾರು 15ರಿಂದ 25 ಸೆಂಟಿಮೀಟರ್ ಆಳದವರೆಗೆ ಗುರುತಿಸುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಅದೂ ಕುಗ್ಗುತ್ತದೆ. ಇದಕ್ಕಿಂತ ಬಹಳ ಹೆಚ್ಚಿನ ಆಳವನ್ನು ಹೇಳಿಕೊಳ್ಳುವ ಜಾಹೀರಾತನ್ನು ನಂಬಬೇಡಿ. ದೊಡ್ಡ ಕಾಯಿಲ್ ಆಳಕ್ಕೆ ಹೋಗುತ್ತದೆ ಎಂಬುದು ನಿಜ. ಆದರೆ ಮೊಳೆಗಳು ಚೆಲ್ಲಾಡಿರುವ ಹಳೆಯ ಮನೆಯ ನಿವೇಶನದಲ್ಲಿ ಎರಡು ಮೊಳೆಗಳ ನಡುವೆ ಬಿದ್ದಿರುವ ನಾಣ್ಯವನ್ನು ಬೇರ್ಪಡಿಸಿ ಕೇಳಿಸುವುದು ಚಿಕ್ಕ ಕಾಯಿಲ್.

ಯಂತ್ರವನ್ನು ತಂದ ಮೇಲೆ ನೇರವಾಗಿ ಹೊಲಕ್ಕೆ ಹೋಗಬೇಡಿ. ಒಂದು ಮೊಳೆ, ಒಂದು ಡಬ್ಬಿಯ ಬಳೆ, ತಾಮ್ರದ ಮತ್ತು ಬೆಳ್ಳಿಯ ಒಂದೊಂದು ನಾಣ್ಯ ಇವುಗಳನ್ನು ಬೇರೆ ಬೇರೆ ಆಳದಲ್ಲಿ ಹೂತು, ಗುರುತು ಹಾಕಿಕೊಂಡು, ಹೆಡ್‌ಫೋನ್ ಧರಿಸಿ ಪ್ರತಿಯೊಂದರ ಧ್ವನಿಯನ್ನೂ ಕಿವಿಗೆ ಪರಿಚಯ ಮಾಡಿಸಿ. ಪರದೆಯ ಅಂಕಿ ಆಳದ ವಸ್ತುವಿನ ಮೇಲೆ ತಪ್ಪಾಗಿಯೂ ತೋರಬಹುದು. ಮಂದವಾದರೂ ಪ್ರತಿ ಬಾರಿ ಒಂದೇ ಜಾಗದಲ್ಲಿ ಮರುಕಳಿಸುವ ಧ್ವನಿಯನ್ನು ಮಾತ್ರ ನಂಬಬಹುದು. ತುಕ್ಕು ಹಿಡಿದ ಕಬ್ಬಿಣದ ತುಂಡು ಕೆಲವೊಮ್ಮೆ ಬೆಳ್ಳಿಯಂತೆ ಎತ್ತರದ ಧ್ವನಿ ಕೊಡುತ್ತದೆ. ಅಂಥ ಸಂದರ್ಭದಲ್ಲಿ ನಿಂತ ಜಾಗದಿಂದ ಕಾಲುಸುತ್ತು ತಿರುಗಿ ಅದೇ ಬಿಂದುವಿನ ಮೇಲೆ ಮತ್ತೆ ಕಾಯಿಲ್ ಆಡಿಸಿ. ಎರಡೂ ದಿಕ್ಕಿನಿಂದ ಧ್ವನಿ ಒಂದೇ ಆಗಿದ್ದರೆ ಅಗೆಯಿರಿ, ಒಂದು ದಿಕ್ಕಿನಿಂದ ಒಡೆದುಹೋದರೆ ಅದು ಬಹುತೇಕ ಕಬ್ಬಿಣ.

ಕಾಯಿಲ್ ಆಡಿಸುವ ರೀತಿಯೂ ಮುಖ್ಯ. ಹೊಸಬರ ಕೈ ಉಯ್ಯಾಲೆಯಂತೆ ಎರಡೂ ತುದಿಗಳಲ್ಲಿ ಮೇಲೇಳುತ್ತದೆ, ಹಾಗೆ ಎದ್ದಷ್ಟೂ ಆಳ ಕಳೆಯುತ್ತದೆ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ, ತಾಗುವಷ್ಟು ಹತ್ತಿರದಲ್ಲಿ, ಹಿಂದಿನ ಬೀಸಿನ ಅರ್ಧವನ್ನಾದರೂ ಮತ್ತೆ ಹಾಯುವಂತೆ ನಿಧಾನವಾಗಿ ಸಾಗಬೇಕು. ನೆಲದ ಖನಿಜಗಳಿಗೆ ಯಂತ್ರವನ್ನು ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಅನ್ನು ಜಾಗ ಬದಲಾದಾಗಲೆಲ್ಲ ಮಾಡಿಕೊಳ್ಳಿ. ಮಂದ ಸಂಕೇತಗಳನ್ನೂ ಹಿಡಿಯುವ ಶಕ್ತಿಯಾದ ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸಿ ಗೊಣಗುವ ಯಂತ್ರದೊಡನೆ ಹೆಣಗುವುದಕ್ಕಿಂತ ಎರಡು ಮೆಟ್ಟಿಲು ಇಳಿಸಿ ಶಾಂತವಾಗಿ ಕೇಳಿಸಿಕೊಳ್ಳುವುದರಿಂದ ಹೆಚ್ಚು ಸಿಗುತ್ತದೆ. ವಿದ್ಯುತ್ ತಂತಿಗಳ ಕೆಳಗೂ ಇನ್ನೊಬ್ಬರ ಯಂತ್ರದ ಪಕ್ಕದಲ್ಲಿಯೂ ಗದ್ದಲ ಹೆಚ್ಚುವುದು ಸಹಜ.

ಕಡಲತೀರದಲ್ಲಿ ಹುಡುಕುವವರೊಬ್ಬರು

ಮೇಲಿನವರು ಹೇಳಿದ್ದಕ್ಕೆ ತೀರದ ಅನುಭವವನ್ನಷ್ಟೇ ಸೇರಿಸುತ್ತೇನೆ. ಒಣ ಮರಳಿನಲ್ಲಿ ಯಾವ ಯಂತ್ರವಾದರೂ ನಡೆಯುತ್ತದೆ. ಒದ್ದೆ ಮರಳಿನಲ್ಲಿ ಮಾತ್ರ ಉಪ್ಪುನೀರೇ ವಾಹಕವಾಗುವುದರಿಂದ ಒಂದೇ ಆವರ್ತನದ ಯಂತ್ರ ತಡೆಯಿಲ್ಲದೆ ಕೂಗುತ್ತಿರುತ್ತದೆ. ಅಲ್ಲಿಗೆ ಬಹು ಆವರ್ತನದ ಯಂತ್ರ ಅಥವಾ ಕಾಂತಕ್ಷೇತ್ರವನ್ನು ಬಿಡಿಬಿಡಿ ಮಿಡಿತಗಳಾಗಿ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರ ಬೇಕು. ಪಲ್ಸ್ ಯಂತ್ರವು ಉಪ್ಪನ್ನೂ ಖನಿಜವನ್ನೂ ಬಹುಮಟ್ಟಿಗೆ ಕಡೆಗಣಿಸಿ ಆಳಕ್ಕೆ ಇಳಿಯುತ್ತದೆಯಾದರೂ ಕಬ್ಬಿಣವನ್ನು ಬೇರ್ಪಡಿಸಿ ತಿಳಿಸುವುದರಲ್ಲಿ ದುರ್ಬಲವಾದ್ದರಿಂದ ಕೇಳಿದ್ದನ್ನೆಲ್ಲ ಅಗೆಯುವ ತಾಳ್ಮೆ ನಿಮ್ಮಲ್ಲಿರಬೇಕು.

ಬಿರುಗಾಳಿಯ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋದ ಬಳಿಕ, ನೀರು ಇಳಿದಿರುವ ಹೊತ್ತಿನಲ್ಲಿ ಹೋಗಿ. ಉಂಗುರ, ನಾಣ್ಯಗಳಂಥ ಭಾರದ ವಸ್ತುಗಳು ತಗ್ಗುಗಳಲ್ಲಿ ಕೂಡಿಕೊಂಡಿರುತ್ತವೆ. ಒಂದು ಸಿಕ್ಕ ಜಾಗದ ಸುತ್ತ ನಿಧಾನವಾಗಿ ಹುಡುಕಿ. ಮೀನಿನ ಗಾಳ, ಗಾಜು, ಸೂಜಿಗಳು ಮರಳಿನಲ್ಲಿ ಸಾಮಾನ್ಯವಾದ್ದರಿಂದ ಕೈಗವಸಿಲ್ಲದೆ ಕೈಹಾಕಬೇಡಿ. ಎಷ್ಟೋ ಯಂತ್ರಗಳಲ್ಲಿ ಕಾಯಿಲ್‌ಗೆ ನೀರು ತಡೆಯುವ ಶಕ್ತಿಯಿದ್ದು ಮೇಲಿನ ಪೆಟ್ಟಿಗೆಗೆ ಇರುವುದಿಲ್ಲ, ಕೊಳ್ಳುವಾಗಲೇ ವಿಚಾರಿಸಿ. ಹೆಸರು ಅಥವಾ ತಾರೀಕು ಕೆತ್ತಿರುವ ಉಂಗುರ ಸಿಕ್ಕರೆ ಕಳೆದುಕೊಂಡವರನ್ನು ಹುಡುಕಿ ತಲುಪಿಸುವ ಪ್ರಯತ್ನವನ್ನು ಖಂಡಿತ ಮಾಡಿ.

ಪುರಾತತ್ವ ತಂಡಗಳೊಡನೆ ಸ್ವಯಂಸೇವಕರಾಗಿ ದುಡಿಯುವವರೊಬ್ಬರು

ಯಂತ್ರದ ಮಾತು ಸಾಕಷ್ಟು ಆಗಿದೆ. ಈ ಹವ್ಯಾಸ ಉಳಿಯುವುದೂ ಕೆಡುವುದೂ ಅನುಮತಿ ಮತ್ತು ದಾಖಲೆ ಎಂಬ ಎರಡು ಸಂಗತಿಗಳ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಕಾನೂನು ದೇಶದಿಂದ ದೇಶಕ್ಕೆ ಬಹಳ ಬೇರೆಯಾಗಿದೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಜಮೀನಿನ ಒಡೆಯರ ಒಪ್ಪಿಗೆಯಿದ್ದರೆ ಸಂರಕ್ಷಿತ ಸ್ಮಾರಕಗಳನ್ನು ಬಿಟ್ಟು ಉಳಿದೆಡೆ ಹುಡುಕಬಹುದು. ಆದರೆ 1996ರ ಟ್ರೆಷರ್ ಆಕ್ಟ್ ಪ್ರಕಾರ ನಿಧಿಯೆನ್ನಿಸಬಹುದಾದುದನ್ನು 14 ದಿನಗಳೊಳಗೆ ಅಧಿಕಾರಿಗೆ ವರದಿ ಮಾಡಬೇಕು. ಐರ್ಲೆಂಡ್‌ನಲ್ಲಿ ಲಿಖಿತ ಅನುಮತಿಯಿಲ್ಲದೆ ಪುರಾತನ ವಸ್ತುಗಳನ್ನು ಯಂತ್ರದಿಂದ ಹುಡುಕುವುದೇ ಅಪರಾಧ. ಫ್ರಾನ್ಸ್‌ನಲ್ಲಿಯೂ ಇಂಥ ಹುಡುಕಾಟಕ್ಕೆ ಸರ್ಕಾರದ ಅನುಮತಿ ಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಇದು ನಿಷಿದ್ಧ. ಅಲ್ಲಿನ 1979ರ ಕಾಯ್ದೆಯು ಒಕ್ಕೂಟ ಸರ್ಕಾರದ ಜಮೀನಿನಿಂದ 100 ವರ್ಷಕ್ಕಿಂತ ಹಳೆಯ ಪುರಾವಸ್ತುಗಳನ್ನು ಪರವಾನಗಿಯಿಲ್ಲದೆ ತೆಗೆಯುವುದನ್ನು ತಡೆಯುತ್ತದೆ. ಭಾರತದ 1878ರ ನಿಧಿ ಕಾಯ್ದೆಯು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆನ್ನುತ್ತದೆ. ನೀವು ಹುಡುಕುವ ಜಾಗದ ಕಾನೂನನ್ನು ಯಂತ್ರ ಕೊಳ್ಳುವ ಮೊದಲೇ ಓದಿಕೊಳ್ಳಿ. ಒಡೆಯರ ಅನುಮತಿಯನ್ನು ಬರಹದಲ್ಲಿ ಪಡೆಯಿರಿ, ಸಿಕ್ಕಿದ್ದು ಯಾರಿಗೆ ಸೇರಬೇಕೆಂಬುದನ್ನೂ ಅದರಲ್ಲಿಯೇ ಬರೆಸಿ. ಬೆಲೆಬಾಳುವ ವಸ್ತು ಸಿಕ್ಕ ಮೇಲೆ ಆ ಮಾತನ್ನು ಎತ್ತಿದರೆ ಸ್ನೇಹ ಉಳಿಯುವುದಿಲ್ಲ.

ದಾಖಲೆಯ ಮಹತ್ವಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನು ಕಳೆದುಕೊಂಡ ಸುತ್ತಿಗೆಯನ್ನು ಹುಡುಕಿಕೊಡಲು ಹೋದ ಎರಿಕ್ ಲಾಸ್ ಅವರಿಗೆ ರೋಮನ್ ಕಾಲದ ಚಿನ್ನ, ಬೆಳ್ಳಿ ಸಿಗತೊಡಗಿತು. ಅವರು ಪೂರ್ತಿ ಅಗೆಯದೆ ನಿಲ್ಲಿಸಿ ಸುದ್ದಿ ಮುಟ್ಟಿಸಿದರು, ಮರುದಿನವೇ ಪುರಾತತ್ವಜ್ಞರು ಬಂದು ಅಗೆದರು. ಸುಮಾರು 15,000 ನಾಣ್ಯಗಳು ದೊರೆತವು. ಅದಕ್ಕಿಂತ ಮಿಗಿಲಾಗಿ, ಅವೆಲ್ಲವನ್ನೂ ಮರದ ಪೆಟ್ಟಿಗೆಯೊಂದರಲ್ಲಿ ಹೇಗೆ ಜೋಡಿಸಿಡಲಾಗಿತ್ತು ಎಂಬುದೂ ತಿಳಿದುಬಂತು, ಏಕೆಂದರೆ ವಸ್ತುಗಳು ಇದ್ದ ಸ್ಥಾನ ಕದಡಿರಲಿಲ್ಲ. ಆ ಸುತ್ತಿಗೆಯೂ ಸಿಕ್ಕಿತು, ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇದಕ್ಕೆ ವಿರುದ್ಧವಾಗಿ 2015ರಲ್ಲಿ ಹೆರೆಫರ್ಡ್‌ಷೈರ್‌ನಲ್ಲಿ ವೈಕಿಂಗ್ ಕಾಲದ ನಿಧಿಯೊಂದನ್ನು ಕಂಡವರು ಅದನ್ನು ಮುಚ್ಚಿಟ್ಟು ಮಾರಿದರು. ಅದರಲ್ಲಿ ಸುಮಾರು 300 ನಾಣ್ಯಗಳಿದ್ದಿರಬಹುದೆಂದು ಅಂದಾಜು, 2019ರ ವೇಳೆಗೆ ವಶಕ್ಕೆ ಬಂದದ್ದು ಮೂವತ್ತರ ಆಸುಪಾಸು. ಇಂಗ್ಲೆಂಡಿನ ಇಬ್ಬರು ಅರಸರು ಒಟ್ಟಿಗೆ ಕಾಣಿಸಿಕೊಂಡಿರುವ ಅತ್ಯಪರೂಪದ ನಾಣ್ಯಗಳು ಅವುಗಳಲ್ಲಿದ್ದವು. 2019ರಲ್ಲಿ ಅವರಿಗೆ ಜೈಲುಶಿಕ್ಷೆಯಾಯಿತು, ಆದರೆ ಚೆದುರಿಹೋದ ಇತಿಹಾಸವನ್ನು ಯಾವ ತೀರ್ಪೂ ಮರಳಿ ಕೂಡಿಸಲಾರದು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಧಿ ಸಿಕ್ಕರೆ ಮಾತ್ರ ದಾಖಲೆ ಬೇಕೆಂದು ತಿಳಿಯಬೇಡಿ. ಅಮೆರಿಕದ ಸೈನ್ಯವೂ ಅಲ್ಲಿನ ಮೂಲನಿವಾಸಿಗಳೂ ಕಾದಾಡಿದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1983ರ ಬೆಂಕಿ ಹುಲ್ಲನ್ನೆಲ್ಲ ಸುಟ್ಟ ಬಳಿಕ, 1984ರಿಂದ ಪುರಾತತ್ವಜ್ಞರು ಹವ್ಯಾಸಿ ಶೋಧಕರನ್ನು ಜೊತೆಗೂಡಿಸಿಕೊಂಡು ಪ್ರತಿಯೊಂದು ಗುಂಡು, ಪ್ರತಿಯೊಂದು ಕಾಡತೂಸಿನ ಚಿಪ್ಪು ಬಿದ್ದಿದ್ದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿದರು. ಚಿಪ್ಪುಗಳ ಮೇಲಿನ ಗುರುತುಗಳಿಂದ ಒಂದೊಂದು ಬಂದೂಕನ್ನೂ ಬೇರ್ಪಡಿಸಿ, 1876ರ ಆ ಕಾಳಗದಲ್ಲಿ ಅದು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದನ್ನು ಊಹಿಸಲು ಸಾಧ್ಯವಾಯಿತು. ಆ ಚಿಪ್ಪುಗಳಿಗೆ ಪೇಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಬಿದ್ದ ಜಾಗ ಗೊತ್ತಿದ್ದುದರಿಂದಲೇ ಅವು ಸಾಕ್ಷಿ ನುಡಿದವು. ಆದ್ದರಿಂದ ಅಂಗಿಯ ಗುಂಡಿಯೊಂದು ಸಿಕ್ಕರೂ ಫೋನಿನ ಜಿಪಿಎಸ್ ಅಂಕಿ, ಆಳ, ತಾರೀಕು, ತೆಗೆದ ಸ್ಥಿತಿಯಲ್ಲಿನ ಚಿತ್ರ ಇವಿಷ್ಟನ್ನು ಅಲ್ಲಿಯೇ ಬರೆದುಕೊಂಡು, ಸಂಖ್ಯೆ ಹಾಕಿದ ಚೀಲದಲ್ಲಿಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ದಾಖಲಾತಿ ಯೋಜನೆಯು ಹೀಗೆ ಸಾಮಾನ್ಯ ಜನರು ಕಂಡ 10 ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ದಾಖಲಿಸಿದೆ. ನೇಗಿಲು ತಿರುವಿದ ಮಣ್ಣಿನಲ್ಲಿ ವಸ್ತುಗಳು ಹೇಗೂ ಸ್ಥಾನ ಬದಲಿಸಿರುತ್ತವೆ. ಅದರ ಕೆಳಗಿನ ಕದಡದ ಪದರದಿಂದ ಧ್ವನಿ ಬರುತ್ತಿದ್ದರೆ, ಅಥವಾ ಒಂದೇ ಕಡೆ ಹಲವು ವಸ್ತುಗಳು ಕಂಡರೆ, ಕೈ ನಿಲ್ಲಿಸಿ ತಿಳಿದವರನ್ನು ಕರೆಯಿರಿ.

ಹಳೆಯ ಲೋಹಗಳ ಸಂರಕ್ಷಣೆ ಬಲ್ಲವರೊಬ್ಬರು

ತೊಳೆಯುವ ಆಸೆಯನ್ನು ಹತ್ತಿಕ್ಕಿಕೊಳ್ಳಿ ಎಂಬುದು ನನ್ನ ಮುಖ್ಯ ವಿನಂತಿ. ತಾಮ್ರ, ಕಂಚಿನ ನಾಣ್ಯಗಳ ಮೇಲಿನ ಅಕ್ಷರ, ಚಿತ್ರಗಳು ಎಷ್ಟೋ ಬಾರಿ ಗಟ್ಟಿಯಾದ ಹಸಿರು ಕಿಲುಬಿನ ಪದರದಲ್ಲಿಯೇ ಉಳಿದಿರುತ್ತವೆ; ನಿಂಬೆರಸ, ವಿನೆಗರ್, ತಂತಿಯ ಬ್ರಷ್ ಬಳಸಿದ ಕ್ಷಣ ಪದರದೊಡನೆ ಬರಹವೂ ಹೋಗುತ್ತದೆ. ಹೊಲದಲ್ಲಿ ಬೆರಳಿನಿಂದ ಉಜ್ಜುವುದೂ ಬೇಡ, ಮಣ್ಣಿನ ಮರಳುಕಣಗಳು ಮೆತ್ತನೆಯ ಬೆಳ್ಳಿಯನ್ನು ಗೀರುತ್ತವೆ. ಚಿನ್ನವನ್ನು ನೀರಿನಲ್ಲಿ ಅದ್ದಿ ತೆಗೆದರೆ ಸಾಕು. ಕಬ್ಬಿಣದ ವಸ್ತುವನ್ನು ಮಾತ್ರ ಸುಮ್ಮನೆ ಒಣಗಲು ಬಿಟ್ಟರೆ ಒಳಗಿನ ಲವಣಗಳಿಂದ ಸೀಳಿ ಪದರಪದರವಾಗಿ ಉದುರಬಹುದು. ಮುಖ್ಯವಾದದ್ದೆನಿಸಿದರೆ ಬೇಗ ಪರಿಣತರಿಗೆ ಒಪ್ಪಿಸಿ. ವಸ್ತುವಿಗೆ ಮರ, ಚರ್ಮ, ಬಟ್ಟೆಯ ಚೂರು ಅಂಟಿದ್ದರೆ ಸುತ್ತಲಿನ ಮಣ್ಣಿನೊಡನೆ ತೇವವಾಗಿಯೇ ಇಡಿ. ಸೀಸ ವಿಷಕಾರಿಯಾದ್ದರಿಂದ ಅದನ್ನು ಮುಟ್ಟಿದ ಮೇಲೆ ಕೈತೊಳೆಯದೆ ಏನನ್ನೂ ತಿನ್ನಬೇಡಿ.

ಹೊಲಗಳಲ್ಲಿ ಹುಡುಕುವವರು, ಮತ್ತೊಮ್ಮೆ

ಅಗೆಯುವ ರೀತಿಯನ್ನು ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಹುಲ್ಲುನೆಲದಲ್ಲಿ ಮೂರು ಬದಿ ಆಳವಾಗಿ ಕತ್ತರಿಸಿ, ನಾಲ್ಕನೆಯ ಬದಿಯ ಬೇರು ಹರಿಯದಂತೆ ಹೆಂಟೆಯನ್ನು ಮಗುಚಿ, ಸಡಿಲ ಮಣ್ಣನ್ನು ಹಾಳೆಯೊಂದರ ಮೇಲೆ ಸುರಿದುಕೊಳ್ಳಿ. ಪಿನ್‌ಪಾಯಿಂಟರ್ ಎಂಬ ಕೈಯಳತೆಯ ಶೋಧಕವಿದ್ದರೆ ಗುಂಡಿ ಚಿಕ್ಕದಾಗಿಯೇ ಉಳಿಯುತ್ತದೆ, ಸನಿಕೆಯ ಅಲಗು ನಾಣ್ಯಕ್ಕೆ ತಗಲುವುದೂ ತಪ್ಪುತ್ತದೆ. ಬಳಿಕ ಮಣ್ಣನ್ನೆಲ್ಲ ಮರಳಿ ತುಂಬಿ ತುಳಿದು ಗಟ್ಟಿಮಾಡಿ. ತೆರೆದ ಗುಂಡಿಯಲ್ಲಿ ಕಾಲಿಟ್ಟ ದನ ಕಾಲು ಮುರಿದುಕೊಳ್ಳುತ್ತದೆ, ನಿಮಗೂ ನಿಮ್ಮ ನಂತರ ಬರುವವರಿಗೂ ಆ ಹೊಲದ ಬಾಗಿಲು ಮುಚ್ಚುತ್ತದೆ. ಸಿಕ್ಕ ಕಸವನ್ನು ಹೊಲದಲ್ಲಿ ಬಿಡದೆ ಕೊಂಡೊಯ್ಯಿರಿ.

ಯುದ್ಧ ನಡೆದ ಅಥವಾ ಸೈನಿಕ ಅಭ್ಯಾಸ ನಡೆದ ನೆಲದಲ್ಲಿ ಸಿಡಿಯದ ಶೆಲ್, ಗ್ರೆನೇಡುಗಳು ಇಂದಿಗೂ ಸಿಗುತ್ತವೆ. ತುಕ್ಕು ಹಿಡಿದಿದೆಯೆಂದು ಅವು ಸತ್ತಿವೆ ಎನ್ನಲಾಗದು. ಅನುಮಾನ ಬಂದೊಡನೆ ಮುಟ್ಟದೆ, ಕದಲಿಸದೆ, ದೂರದಿಂದ ಕಾಣುವ ಗುರುತಿಟ್ಟು ಹಿಂದೆ ಸರಿದು ಪೊಲೀಸರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಕಾನೂನನ್ನು ಓದಿ, ಲಿಖಿತ ಅನುಮತಿ ಕೇಳುತ್ತೇನೆ. ಒಬ್ಬರು ಬಳಸಿದ ಯಂತ್ರವನ್ನು ಕೊಳ್ಳಬಹುದೇ ಎಂಬುದೊಂದು ಉಳಿದಿದೆ.

ಕಡಲತೀರದಲ್ಲಿ ಹುಡುಕುವವರು

ಧಾರಾಳವಾಗಿ ಕೊಳ್ಳಬಹುದು, ಆದರೆ ಕೈಯಲ್ಲಿ ಹಿಡಿದು ನೋಡದೆ ಬೇಡ. ಕಾಯಿಲ್‌ನ ತಂತಿಯನ್ನು ಬುಡದಲ್ಲಿ ಮೆಲ್ಲಗೆ ಬಾಗಿಸುತ್ತ ಕೇಳಿ. ಆಗ ಯಂತ್ರ ತಾನಾಗಿ ಕೂಗಿದರೆ ಒಳಗೆ ತಂತಿ ಹರಿದಿದೆ. ಬ್ಯಾಟರಿಯ ಗೂಡಿನಲ್ಲಿ ಹಸಿರು ಅಥವಾ ಬಿಳಿ ಕಿಲುಬು ಇದ್ದರೆ ನೀರೋ ಸೋರಿದ ಬ್ಯಾಟರಿಯೋ ಒಳಹೊಕ್ಕಿದೆ ಎಂದು ತಿಳಿಯಿರಿ. ನಾಣ್ಯವನ್ನೂ ಮೊಳೆಯನ್ನೂ ಕಾಯಿಲ್‌ನ ಮುಂದೆ ಆಡಿಸಿ ಧ್ವನಿಗಳು ಬೇರೆಯಾಗಿ ಕೇಳುತ್ತವೆಯೇ ನೋಡಿ. ಹೆಸರಾಂತ ಯಂತ್ರಗಳ ನಕಲುಗಳು ಮಾರಾಟಕ್ಕಿರುವುದರಿಂದ ಸರಣಿ ಸಂಖ್ಯೆಯನ್ನು ತಯಾರಕರಲ್ಲಿ ವಿಚಾರಿಸಿ. ಉಳಿದ ಹಣದಲ್ಲಿ ಒಳ್ಳೆಯ ಪಿನ್‌ಪಾಯಿಂಟರ್ ಮತ್ತು ಗಟ್ಟಿಯಾದ ಕೈಸನಿಕೆಯೊಂದನ್ನು ಕೊಳ್ಳಿ.