ಸಹಾಯ ಬೇಕು: ಪಾಮರ್‌ಸ್ಟನ್ ದ್ವೀಪಾನಾ, ಹಳ್ಳೀನಾ?

ಎಲ್ರಿಗೂ ನಮಸ್ಕಾರ, ಕನ್ನಡ ವಿಕಿಪೀಡಿಯಾಗೆ ಪೆಸಿಫಿಕ್ ಸಾಗರದ ಕುಕ್ ದ್ವೀಪಗಳ ಪಾಮರ್‌ಸ್ಟನ್ ಬಗ್ಗೆ ಲೇಖನ ಬರೀತಿದೀನಿ, ಮೊದಲ್ನೇ ಸಾಲಲ್ಲೇ ಸಿಕ್ಕಾಕ್ಕೊಂಡಿದೀನಿ. ಇತಿಹಾಸ ಸಲೀಸಾಗಿ ಬಂತು, 1774ರಲ್ಲಿ ಜೇಮ್ಸ್ ಕುಕ್ ಕಣ್ಣಿಗೆ ಬಿದ್ದಿದ್ದು, 1863ರಲ್ಲಿ ವಿಲಿಯಂ ಮಾರ್ಸ್ಟರ್ಸ್ ಅನ್ನೋ ಇಂಗ್ಲೆಂಡಿನವ್ನು ಬಂದು ನೆಲೆಸಿದ್ದು, ಮೂರು ಜನ ಹೆಂಡ್ತೀರು, ಅವ್ರಿಂದ ವಂಶಕ್ಕೆ ಮೂರು ಕವಲು, ಇವತ್ತಿಗೂ ಊರಲ್ಲಿ ಹೆಚ್ಚುಕಮ್ಮಿ ಎಲ್ರೂ ಮಾರ್ಸ್ಟರ್ಸೇ (ಅಲ್ಲಿ ಕಾಗದ ಹಂಚೋನ ಪಾಡು ದೇವ್ರಿಗೇ ಪ್ರೀತಿ). ವಿಮಾನ ಇಳಿಯೋಕೆ ಜಾಗ ಇಲ್ಲ, ಕುಕ್ ದ್ವೀಪಗಳ ಮುಖ್ಯ ದ್ವೀಪ ರಾರೊಟೊಂಗಾದಿಂದ ಸುಮಾರು 500 ಕಿ.ಮೀ., ಹಡಗು ಬರೋದು ವರ್ಷಕ್ಕೆ ಕೆಲವೇ ಸಲ, ಅದೂ ಹವಳದ ದಿಬ್ಬದ ಆಚೆನೇ ನಿಲ್ಲತ್ತೆ, ಸಾಮಾನೆಲ್ಲಾ ಸಣ್ಣ ದೋಣೀಲಿ ಒಳಗೆ ತರ್ಬೇಕು.

ತಲೆ ಕೆಟ್ಟಿರೋದು ಇಲ್ಲಿ. ಪಾಮರ್‌ಸ್ಟನ್ ಅಂದ್ರೆ ಉಂಗುರದ ಥರ ಇರೋ ಹವಳದ ದಿಬ್ಬದ ಮೇಲಿನ ಹಲವು ಪುಟ್ಟ ದ್ವೀಪ, ಜನ ಇರೋದು ಪಶ್ಚಿಮದ 'ಹೋಮ್' ಅನ್ನೋ ದ್ವೀಪ ಒಂದ್ರಲ್ಲೇ, ಹಳ್ಳಿ ಇರೋದೂ ಅಲ್ಲೇ. ಮ್ಯಾಪ್ ಜೂಮ್ ಮಾಡ್ದೆ, ಇಂಗ್ಲಿಷ್ ಲೇಖನಗಳನ್ನ ಓದ್ದೆ, ಹಳ್ಳಿಗೂ ಇಡೀ ಗುಂಪಿಗೂ ಒಂದೇ ಹೆಸ್ರು ಹಾಕಿ ಕೈ ತೊಳ್ಕೊಂಡಿದಾರೆ. ಎರಡು ಪುಟ ಮಾಡೋಣ ಅಂದ್ರೆ ಹಳ್ಳಿ ಪುಟಕ್ಕೆ ನಾಲ್ಕೇ ಸಾಲು ಉಳಿಯತ್ತೆ.

ಅನುಭವ ಇರೋರು ಹೇಳಿ, ಒಂದೇ ಪುಟದಲ್ಲಿ ಹಳ್ಳೀನ ಉಪಶೀರ್ಷಿಕೆ ಮಾಡ್ಲಾ, ಇಲ್ಲಾ 'ಹೋಮ್' ಅಂತ ಬೇರೆ ಪುಟಾನೇ ತೆಗೀಲಾ? ಮಾಹಿತಿ ಚೌಕಟ್ಟಲ್ಲಿ ದ್ವೀಪ ಅಂತ ಹಾಕೋದಾ, ಗ್ರಾಮ ಅಂತಾನಾ?