ಬಾಸಿ, ಡಾಮಿನಿಯರಿಂಗ್, ಓವರ್‌ಬೇರಿಂಗ್: ಎಲ್ಲದಕ್ಕೂ ದರ್ಪವಾ?

ಎಲ್ರಿಗೂ ನಮಸ್ಕಾರ. ಕೆಲವು ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಎಂತ ಹೇಳುದು ಅಂತ ಮೊನ್ನೆ ಇಲ್ಲಿ ಕೇಳಿದ್ದಕ್ಕೆ ಉತ್ತರ ಸುಮಾರು ಬಂತು, ಆದ್ರೆ ನನ್ನ ಕೆಲಸ ಮುಗಿಲಿಲ್ಲ, ಹಾಗಾಗಿ ಪುನಃ ಬರಿತಾ ಇದ್ದೇನೆ. ಕಾಸರಗೋಡಿನ ಕುಂಬಳೆ ಹತ್ರದ ಒಂದು ಕನ್ನಡ ಮೀಡಿಯಂ ಶಾಲೆಯ ಪಿಟಿಎ ಮೀಟಿಂಗಿಗೆ ಮಕ್ಕಳನ್ನು ಬೆಳೆಸುವ ರೀತಿಯ ಬಗ್ಗೆ ನಾಲ್ಕು ಪುಟ ಇಂಗ್ಲಿಷಿಂದ ಕನ್ನಡಕ್ಕೆ ಮಾಡಿ ನಾಳೆ ಸಂಜೆ ಡಿಟಿಪಿಗೆ ಕೊಡ್ಬೇಕು. ಅದರಲ್ಲಿ ಒಂದೇ ಪುಟದಲ್ಲಿ ಬಾಸಿ, ಡಾಮಿನಿಯರಿಂಗ್, ಓವರ್‌ಬೇರಿಂಗ್, ಅಥಾರಿಟೇರಿಯನ್, ಅಥಾರಿಟೇಟಿವ್ ಅಂತ ಐದು ಪದ ಉಂಟು. ಬಂದ ಉತ್ತರ ಒಟ್ಟು ಮಾಡಿ ನೋಡಿದ್ರೆ ಹೆಚ್ಚಿನದ್ರಲ್ಲಿ ಐದಕ್ಕೂ ಒಂದೇ ದರ್ಪ. ದರ್ಪದ, ದರ್ಪಿಷ್ಠ, ದರ್ಪ ತೋರುವ. ಇದನ್ನು ಓದುವ ಅಪ್ಪ ಅಮ್ಮನಿಗೆ ಎಂತ ಗೊತ್ತಾಗ್ತದೆ ಹೇಳಿ?

ದರ್ಪ ಅಂದ್ರೆ ಒಳಗಿನ ಸೊಕ್ಕು. ಒಬ್ಬನೇ ಚಾವಡಿಯಲ್ಲಿ ಸುಮ್ಮನೆ ಕೂತವನಿಗೂ ದರ್ಪ ಇರ್ಬಹುದು. ಬಾಸಿ ಆಗ್ಲಿಕ್ಕೆ ಎದುರು ಇನ್ನೊಬ್ಬ ಬೇಕು, ಅವನಿಗೆ 'ನೀನು ಅಲ್ಲಿ ನಿಲ್ಲು, ನೀನು ಇದು ಹಿಡ್ಕೊ' ಅಂತ ಹೇಳ್ತಾ ಇರ್ಬೇಕು, ಮತ್ತೆ ಮುಖ್ಯ ಎಂತದಂದ್ರೆ ಹಾಗೆ ಹೇಳುವ ಹಕ್ಕು ಯಾರೂ ಕೊಟ್ಟಿರುದಿಲ್ಲ. ಹೆಡ್‌ಮಾಷ್ಟ್ರು 'ಸಾಲಲ್ಲಿ ನಿಲ್ಲಿ' ಅಂದ್ರೆ ಅದು ಬಾಸಿ ಅಲ್ಲ, ಐದನೇ ಕ್ಲಾಸಿನ ಹುಡುಗ ತನ್ನ ಕ್ಲಾಸಿನವರಿಗೇ ಹೇಳಿದ್ರೆ ಬಾಸಿ. ಹಕ್ಕು ಉಂಟಾ ಇಲ್ವಾ ಅಂತ ನೋಡದೆ ಈ ಪದಗಳನ್ನು ಬೇರೆ ಮಾಡ್ಲಿಕ್ಕೆ ಆಗುದಿಲ್ಲ ಅಂತ ನನಗೆ ಕಾಣ್ತದೆ.

ಅಥಾರಿಟೇರಿಯನ್, ಅಥಾರಿಟೇಟಿವ್ ಎರಡಕ್ಕೂ 'ಅಧಿಕಾರಯುತ' ಹಾಕಿ, ಬಾಲದಲ್ಲಿ ಮಾತ್ರ ವ್ಯತ್ಯಾಸ ಅಂತ ಒಬ್ಬರು ಬರೆದ್ರು. ಅದು ತಪ್ಪು. ಇಡೀ ನಾಲ್ಕು ಪುಟ ನಿಂತದ್ದೇ ಆ ವ್ಯತ್ಯಾಸದ ಮೇಲೆ. 1960ರ ದಶಕದಲ್ಲಿ ಅಮೆರಿಕದ ಡಯಾನಾ ಬಾಮ್‌ರಿಂಡ್ ಅನ್ನುವ ಮನಶ್ಶಾಸ್ತ್ರಜ್ಞೆ ಈ ಎರಡು ಪದವನ್ನು ಬೇಕೂಂತಲೇ ಎದುರುಬದುರು ಇಟ್ಟದ್ದು. ಅಥಾರಿಟೇರಿಯನ್ ಅಪ್ಪ 'ಯಾಕೆ ಅಂತ ಕೇಳ್ಬೇಡ, ಹೇಳಿದಷ್ಟು ಮಾಡು' ಅನ್ನುವವ. ಅಥಾರಿಟೇಟಿವ್ ಅಪ್ಪನ ಮನೆಯಲ್ಲೂ ಕಟ್ಟುನಿಟ್ಟು ಉಂಟು, ಆದ್ರೆ ಯಾಕೆ ಅಂತ ಮಗುವಿಗೆ ಹೇಳ್ತಾನೆ, ಮಗು ಹೇಳಿದ್ದನ್ನೂ ಕೇಳ್ತಾನೆ, ಪ್ರೀತಿ ಕಡಿಮೆ ಮಾಡುದಿಲ್ಲ. ಒಂದು ಹಾಗಾಗ್ಬೇಡಿ ಅನ್ಲಿಕ್ಕೆ, ಇನ್ನೊಂದು ಹೀಗಾಗಿ ಅನ್ಲಿಕ್ಕೆ. ಎರಡಕ್ಕೂ ಅಧಿಕಾರಯುತ ಅಂತ ಹಾಕಿದ್ರೆ ಹಾಳೆ ಹಂಚುದೇ ದಂಡ. 'ಸರ್ವಾಧಿಕಾರಿ'ಯೂ ಬೇಡ, ಅದು ದೇಶ ಆಳುವವರಿಗೆ ಸರಿ, ಪ್ರೋಗ್ರೆಸ್ ಕಾರ್ಡಿಗೆ ಸೈನ್ ಹಾಕುವ ಅಪ್ಪನಿಗೆ ತುಂಬ ದೊಡ್ಡದಾಯ್ತು. ಇದೊಂದು ಜೋಡಿಗೆ ನಾನು 'ಹೇಳಿದ್ದೇ ನಡೀಬೇಕೆನ್ನುವ', 'ಸಲುಗೆ ಕೊಟ್ಟೂ ಹದ್ದುಬಸ್ತಿನಲ್ಲಿಡುವ' ಅಂತ ಬರೆದಾಯ್ತು. ಉದ್ದ ಆಯ್ತು ಗೊತ್ತುಂಟು. ಆದ್ರೆ ಇಂಗ್ಲಿಷಿನವರು ಗುಣವಾಚಕದಲ್ಲಿ ಹೇಳುದನ್ನು ನಾವು ಕ್ರಿಯಾಪದದಲ್ಲಿ ಹೇಳುವವರು, ಜೋರು ಮಾಡ್ತಾನೆ, ಹುಕುಂ ಚಲಾಯಿಸ್ತಾನೆ, ಕಾರುಬಾರು ನಡೆಸ್ತಾಳೆ ಅಂತ. ಅದನ್ನು ಒಂದೇ ಪದಕ್ಕೆ ತುರುಕ್ಲಿಕ್ಕೆ ಹೋದಾಗಲೇ ದರ್ಪಿಷ್ಠ ಹುಟ್ಟುದು.

ಇನ್ನು ಬಾಸಿಗೆ 'ಘಟವಾಣಿ' ಅಂತ ಬರೆದವರಿಗೆ. ಬೇಡ. ಘಟವಾಣಿ, ಬಜಾರಿ, ಗಂಡುಬೀರಿ ಮೂರೂ ಹೆಂಗಸರಿಗೇ ಎಸೆಯುವ ಪದ, ಅದೇ ಕೆಲಸ ಮಾಡುವ ಗಂಡಸಿಗೆ ಇಂಥಾ ಪದ ಇಲ್ಲ. ಇಂಗ್ಲಿಷಿನಲ್ಲೂ ಇದೇ ಕತೆ, ಹುಡುಗ ಮುಂದೆ ನಿಂತ್ರೆ ಲೀಡರ್, ಹುಡುಗಿ ನಿಂತ್ರೆ ಬಾಸಿ ಅಂತಾರೆ, ಹೆಣ್ಣುಮಕ್ಕಳಿಗೆ ಆ ಪದ ಬಳಸ್ಬೇಡಿ ಅಂತ 2014ರಲ್ಲಿ ಅಮೆರಿಕದಲ್ಲಿ ಒಂದು ಅಭಿಯಾನವೇ ನಡೀತು. ನಮ್ಮ ಹಾಳೆ ಹೆಣ್ಣುಮಕ್ಕಳ ತಾಯಂದಿರ ಕೈಗೆ ಹೋಗುವಂಥದ್ದು, ಅದರಲ್ಲಿ ಘಟವಾಣಿ ಅಂತ ನಾನು ಸತ್ರೂ ಬರೆಯುದಿಲ್ಲ. 'ಯಜಮಾನಿಕೆ ಮಾಡುವ' ಸಾಕು. ನಮ್ಮ ಕಡೆ ಆಸ್ತಿ ತಾಯಿ ಕಡೆಯಿಂದ ಬರುವ ಅಳಿಯಸಂತಾನದ ಮನೆಗಳಲ್ಲಿ ಯಜಮಾನನೂ ಇದ್ದ, ಯಜಮಾನ್ತಿಯೂ ಇದ್ದಳು, ಹಾಗಾಗಿ ಈ ಪದ ಇಬ್ಬರಿಗೂ ಸಮ ಹೋಗ್ತದೆ, ಬೈಗುಳವೂ ಆಗುದಿಲ್ಲ.

ಇದಕ್ಕೆ ಬೆಂಗಳೂರಿನ ಸರ್ ಒಬ್ಬರು ತಕರಾರು ತೆಗ್ದಿದ್ದಾರೆ, ಲ್ಯಾಟಿನಿನ ಡಾಮಿನಸ್ ಅಂದ್ರೆ ಮನೆಯ ಯಜಮಾನ, ಆದ್ದರಿಂದ ಯಜಮಾನಿಕೆ ಸೇರಬೇಕಾದ್ದು ಡಾಮಿನಿಯರಿಂಗಿಗೆ ಅಂತ. ಸರ್, ಬೇರು ಬೇರೆ, ಬಳಕೆ ಬೇರೆ. ಸಂಸ್ಕೃತದಲ್ಲಿ ಯಜಮಾನ ಅಂದ್ರೆ ಯಜ್ಞ ಮಾಡಿಸುವವ, ಈಗ 'ನಮ್ಮ ಯಜಮಾನ್ರು ಮನೆಯಲ್ಲಿಲ್ಲ' ಅಂದಾಗ ಯಾರಿಗೆ ಯಜ್ಞ ನೆನಪಾಗ್ತದೆ? ಡಾಮಿನಿಯರಿಂಗಿಗೆ ದಬ್ಬಾಳಿಕೆಯೇ ಸರಿ. ದಿನಾ ಒತ್ತಿ ಇಡುದು, ಎದುರಿನವ ಬಗ್ಗುವವರೆಗೆ ಬಿಡದೆ ಇರುದು ಎಲ್ಲ ಅದರಲ್ಲಿ ಉಂಟು. ಬಾಸಿಯಲ್ಲಿ ಅಷ್ಟು ಕ್ರೌರ್ಯ ಇಲ್ಲ.

ಇಂಪೀರಿಯಸ್, ಕಮಾಂಡಿಂಗ್ ನನ್ನ ಪ್ರಶ್ನೆಯಲ್ಲಿ ಇರ್ಲಿಲ್ಲ, ಆದ್ರೂ ಚರ್ಚೆ ಬಂತಲ್ಲ. ಕಮಾಂಡಿಂಗಿಗೆ 'ಗತ್ತು' ಬಿಟ್ಟು ಬೇರೆ ಹುಡುಕುದು ಬೇಡ. ಯಕ್ಷಗಾನ ಆಟದಲ್ಲಿ ಕೌರವ ಒಡ್ಡೋಲಗಕ್ಕೆ ಬಂದು ಕೂತ ಕೂಡ್ಲೇ 'ಎಂಥಾ ಗತ್ತು ಮಾರಾಯ್ರೆ' ಅಂತೇವೆ, ಅದು ಹೊಗಳಿಕೆ. ಅದೇ ಕೌರವ ಸಂಧಾನಕ್ಕೆ ಬಂದವನ ಮಾತೇ ಕೇಳದೆ ಹೋಗು ಅಂದಾಗ ಅದು ಇಂಪೀರಿಯಸ್, ಅಲ್ಲಿ ಮಾತ್ರ ನಿಮ್ಮ ದರ್ಪಕ್ಕೆ ಜಾಗ ಉಂಟು, ಯಾಕಂದ್ರೆ ಆಳುದು ತನ್ನ ಹುಟ್ಟಿನ ಹಕ್ಕು ಅನ್ನುವ ಭಾವ ಅದರಲ್ಲಿ ಇರ್ತದೆ.

ಈಗ ಅಚ್ಚಗನ್ನಡದ ಜಗಳ. ಹುಕುಂ, ಜಬರ್ದಸ್ತಿ, ಹದ್ದುಬಸ್ತು ಕನ್ನಡ ಅಲ್ಲ, 'ಮೇಲಾಳಿಕೆ' ಅಂತ ಹೊಸತು ಕಟ್ಟಿ ಅಂದ್ರು ನಮ್ಮ ಮಾಷ್ಟ್ರು. ಮಾಷ್ಟ್ರೆ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೇನೆ, ಲ್ಯಾಟಿನಿನ ಮ್ಯಾಜಿಸ್ಟರ್ ಇಂಗ್ಲಿಷಿನ ಮಾಸ್ಟರ್ ಆಗಿ, ಅದು ಇಲ್ಲಿ ಬಂದು ಮಾಷ್ಟ್ರು ಆದದ್ದು, ಅದರಷ್ಟು ನಮ್ಮದಾದ ಪದ ಈ ಊರಲ್ಲಿ ಯಾವುದುಂಟು? ಜಬರ್ದಸ್ತ್ ಪಾರಸಿಯಲ್ಲಿ 'ಮೇಲಿನ ಕೈ', ನಮ್ಮ ಮೇಲ್ಗೈ ಇದ್ದ ಹಾಗೆಯೇ. ಬೇಲಿ ನೀವು ಹಾಕಿದ್ರೂ ಯೋಚನೆ ಒಂದೇ. ಮತ್ತೆ ಒಂದು ಮಾತು. 1956 ನವೆಂಬರ್ 1ರಿಂದ ನಾವು ಕೇರಳದಲ್ಲಿ ಇರುವವರು. ಕನ್ನಡದ ಒಂದು ಹಾಳೆ ಮನೆಗೆ ಹೋಗಿ ಅದರಲ್ಲಿ ಮೇಲಾಳಿಕೆ ಅಂತ ಕಂಡು ಅರ್ಥ ಆಗದಿದ್ರೆ, ಮುಂದಿನ ಸಲ ಮಲಯಾಳದ್ದೇ ಕೊಡಿ ಅಂತ ಕೇಳ್ತಾರೆ, ಕೇಳಿದ್ದನ್ನು ನಾನೇ ನೋಡಿದ್ದೇನೆ. ಅಚ್ಚಗನ್ನಡ ಉಳಿಸ್ಲಿಕ್ಕೆ ಹೋಗಿ ಕನ್ನಡದ ಹಾಳೆಯನ್ನೇ ಕಳ್ಕೊಳ್ಲಿಕ್ಕೆ ನಾನು ತಯಾರಿಲ್ಲ.

ಉಳಿದದ್ದು ಓವರ್‌ಬೇರಿಂಗ್ ಒಂದೇ, ಅದೇ ಕಷ್ಟ. ಅದರಲ್ಲಿರುವ ಬೇರ್, ಸಂಸ್ಕೃತದ ಭೃ ಧಾತು, ಎರಡೂ ಒಂದೇ ಮೂಲದ್ದು, ಹೊರು ಅಂತ ಅರ್ಥ. ಅದೇ ಧಾತುವಿಂದ ನಮಗೆ ಭಾರ, ಖರ್ಚು ಭರಿಸು ಬಂತು, ಪಕ್ಕದ ಮಲಯಾಳದಲ್ಲಿ ಭರಿಕ್ಕುಗ ಅಂದ್ರೆ ಆಳುದು. 'ಎನ್ನೆ ಭರಿಕ್ಕಾನ್ ವರಂಡ' ಅಂತ ಬಸ್ಸಲ್ಲಿ ದಿನಾ ಕೇಳ್ತೇವೆ, ನನ್ನನ್ನು ಆಳ್ಲಿಕ್ಕೆ ಬರ್ಬೇಡ ಅಂತ. ಒಂದೇ ಧಾತು, ನಮ್ಮಲ್ಲಿ ಹೊರುವವನದ್ದಾಯ್ತು, ಅವರಲ್ಲಿ ಆಳುವವನದ್ದಾಯ್ತು, ಇದನ್ನು ನೋಡಿ ನನಗೆ ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ.

ಆದ್ರೆ ಪದ ಸಿಕ್ಲಿಲ್ಲ. ಹಾಳೆಯಲ್ಲಿರುವ ಓವರ್‌ಬೇರಿಂಗ್ ತಾಯಿಗೆ ಆಳುವ ಆಸೆ ಇಲ್ಲ, ಪ್ರೀತಿಯಿಂದಲೇ ಮಗು ಬಾಯಿ ತೆರೆಯುವ ಮೊದಲೇ ಎಲ್ಲ ತಾನೇ ತೀರ್ಮಾನ ಮಾಡ್ತಾಳೆ. 'ತಲೆ ಮೇಲೆ ಕೂರುವ' ಆಗುದಿಲ್ಲ, ಅದು ಮುದ್ದು ಹೆಚ್ಚಾದ ಮಗುವಿಗೆ ಹೇಳುದು. 'ಮೇಲೇರಿ ಬರುವ' ಅಂದ್ರೆ ಜಗಳ ಆಯ್ತು. 'ಉಸಿರು ಬಿಡ್ಲಿಕ್ಕೂ ಬಿಡದ' ಹತ್ರ ಬರ್ತದೆ, ಬೇರೆ ಇಲ್ಲದಿದ್ರೆ ಅದೇ ಹಾಕ್ತೇನೆ. ನಿಮ್ಮ ಮನೆಯಲ್ಲಿ ಅಜ್ಜಿಯಂದಿರು ಇಂಥವರಿಗೆ ಎಂತ ಹೇಳ್ತಿದ್ರು? ನಾಳೆ ಮಧ್ಯಾಹ್ನದೊಳಗೆ ಬರೀರಿ.